ಸ್ಟ್ರಿಪ್ಪಿನ ಬೆನ್ನು

ಬಿಲ್ಲು ಇನ್ನೂ ನನ್ನ ಬಳಿಯೇ ಇದೆ.
ದುರ್ಗಿಗುಡಿ, ಎರಡನೇ ಅಡ್ಡರಸ್ತೆ, ಫೆಬ್ರವರಿ ಒಂಬತ್ತು,
ಶೀತದ ಮಾತ್ರೆ ಆರು, ಇಪ್ಪತ್ತೆಂಟು ರೂಪಾಯಿ.
ಚಿಲ್ಲರೆ ಎರಡು ರೂಪಾಯಿಗೆ ಶುಂಠಿ ಪೆಪ್ಪರಮೆಂಟು.

ಜೆಸಿಂತಾ, ಭದ್ರಾವತಿ ಕಾರ್ಖಾನೆ ಕ್ವಾರ್ಟರ್ಸಿನವಳು,
ಎಂಟುನೂರು ಮೀಟರ್.
ಮೂಗು ಕೆಂಪಗೆ, ಕಿವಿಗೆ ಮಫ್ಲರು, ಕಾಲಲ್ಲಿ ಮೈದಾನದ ಕೆಮ್ಮಣ್ಣು.
ಆ ಮಣ್ಣು ನೋಡಿಯಾದರೂ ಕೇಳಬೇಕಿತ್ತು ನಾನು:
ಏನಮ್ಮ, ಓಡ್ತೀಯಾ?
ಕೇಳಲಿಲ್ಲ. ಹಿಂದೆ ಇನ್ಸುಲಿನ್ನಿಗೆ ನಾಲ್ಕು ಜನ ನಿಂತಿದ್ದರು.

ಈಗ ವಕೀಲರು ಬಂದಿದ್ದಾರೆ, ಕಾಗದ ತಂದಿದ್ದಾರೆ.
ಮೈಯಲ್ಲಿ ಸಿಕ್ಕಿದ್ದಕ್ಕೆ ಮೈಯೇ ಹೊಣೆ, ಅದು ನಿಯಮವಂತೆ.
ಉದ್ದೇಶ ಇತ್ತೆಂದಾದರೆ ನಾಲ್ಕು ವರ್ಷ,
ಇಲ್ಲವೆಂದಾದರೆ ಎರಡು.
‘ಇಲ್ಲ’ ಎಂಬುದು ಎರಡಕ್ಷರ.
ಅಕ್ಷರಕ್ಕೊಂದು ವರ್ಷ.

ನಮ್ಮಜ್ಜಿ ಇದ್ದಿದ್ದರೆ ಅನ್ನುತ್ತಿದ್ದಳು:
ತಿಳಿದು ತುಳಿದರೂ ತಿಳಿಯದೆ ತುಳಿದರೂ ಕೆಂಡ ಸುಡುತ್ತೆ.
ಸುಡುತ್ತೆ, ಒಪ್ಪಿದೆ.
ಆದರೆ ಅಜ್ಜಿ, ಕೆಂಡ ತೀರ್ಪು ಬರೆಯುವುದಿಲ್ಲ,
ಸುಟ್ಟ ಅಂಗಾಲಿಗೆ ಮೋಸವೆಂದು ಹೆಸರಿಡುವುದಿಲ್ಲ.

ಹೊಸತರಲ್ಲಿ ನಾನೂ ಒಮ್ಮೆ ಡಾಕ್ಟರ ಗೀಚು ತಪ್ಪಾಗಿ ಓದಿ
ಗಾಂಧಿಬಜಾರಿನ ಹೂ ಮಾರುವವಳಿಗೆ
ಬಿಪಿಯ ಬದಲು ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟೆ.
ಬುಟ್ಟಿಯ ಮೇಲೆಯೇ ಕುಸಿದಳು.
ಅವಳ ರಕ್ತ ನನ್ನ ಉದ್ದೇಶ ಕೇಳಲಿಲ್ಲ.
ಎದ್ದು ಕೂತ ಮೇಲೆ ಅವಳು ಕೇಳಿದಳು:
‘ಬೇಕಂತ ಕೊಟ್ಟೆಯಾ ಮಗಾ?’
ಇಲ್ಲವೆಂದೆ. ಮರುವಾರವೂ ನನ್ನ ಅಂಗಡಿಗೇ ಬಂದಳು,
ಮಾತ್ರೆ ಮಾತ್ರ ಪಕ್ಕದವರಿಗೆ ತೋರಿಸಿ ನುಂಗಿದಳು,
ಸಾಯುವವರೆಗೂ.
ಅದಕ್ಕಿಂತ ಸರಿಯಾದ ತೀರ್ಪು ನಾನು ಕಂಡಿಲ್ಲ.

ಹಾಗಾದರೆ ಬರೆದೇ ಬಿಡೋಣವೆಂದು ಪೆನ್ನು ತೆಗೆದರೆ
ಸೊರಬದ ಭಾಗೀರಥಿ, ಎರಡನೆಯವಳು,
ಅಂಗೈ ಅಗಲದ ಅಂತರ.
ಪದಕ ಈಗ ಅವಳಿಗೆ ಅಂಚೆಯಲ್ಲಿ ಬರಬಹುದು,
ತಪ್ಪಿದ ರೈಲ್ವೆ ಸಂದರ್ಶನ ಅಂಚೆಯಲ್ಲಿ ಬರುವುದಿಲ್ಲ.
ಅವಳ ಸೋಲಿನಲ್ಲಿ ಯಾರ ಉದ್ದೇಶವೂ ಇರಲಿಲ್ಲ ಅನ್ನಿ.
ಯಾರನ್ನು ಬೈಯಬೇಕೋ ತಿಳಿಯದೆ
ಶೂ ಬಿಚ್ಚುತ್ತಾ ಕೂತಿದ್ದಳಂತೆ, ಮೈದಾನದ ದೀಪ ಆರಿಸುವವರೆಗೆ.

ಇನ್ನೂ ಒಂದಿದೆ. ವಕೀಲರಿಗೆ ಹೇಳಿಲ್ಲ.
ಜೆಸಿಂತಾ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಹಿಂಬದಿ ಓದಿದಳು.
ಮೆಟ್ಟಿಲಿಳಿದವಳು ನಿಂತು ಮತ್ತೊಮ್ಮೆ ಓದಿದಳು.
ಎಕ್ಸ್‌ಪೈರಿ ದಿನಾಂಕವೇ? ಎಲ್ಲರೂ ನೋಡುತ್ತಾರೆ.
ಎರಡು ಸಲ ನೋಡುವವರು ಕಡಿಮೆ.
ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡಳು,
ಹೊರಟಳು.

ಹೇಳಿಕೆಯಲ್ಲಿ ನಾನು ಬರೆದದ್ದು:
‘ನಾನು ಎಚ್ಚರಿಸಲಿಲ್ಲ.’ ಇದು ನಿಜ.
‘ಅವಳಿಗೆ ಗೊತ್ತಿರಲಿಲ್ಲ.’
ಇದರ ಕೆಳಗೆ ಅಂಗಡಿಯ ಸೀಲು.
ಇಂಕು ಕಮ್ಮಿಯಿತ್ತು,
ಎರಡನೇ ಸಲ ಒತ್ತಬೇಕಾಯಿತು.