ಮೌನದ ಸಾಗಣೆ

ಓರ್ತಾದ ಎಕ್ಸ್‌ಚೇಂಜಿನ ಎರಡನೇ ಮಹಡಿಯಲ್ಲಿ
ಮೂವತ್ತೊಂದು ವರ್ಷ ದುಡಿದೆ,
ಮಣಿಕಟ್ಟಿಗೆ ಅರ್ತಿಂಗ್ ತಂತಿ ಕಟ್ಟಿಕೊಂಡು
ಗೂಟಕ್ಕೆ ಬಿಗಿದ ಹಸುವಿನ ಹಾಗೆ.
ಸುತ್ತ ಎಷ್ಟು ಹುಲ್ಲಿತ್ತೋ ಅಷ್ಟನ್ನೂ ಮೇಯ್ದೆ:
ಮದುವೆ ಮಾತು, ಟ್ಯೂನಾ ಮೀನಿನ ದರ, ಬಿರುಗಾಳಿಯ ಸುದ್ದಿ,
ರಾಂಗ್ ನಂಬರಿಗೆ ಬಿದ್ದ ಬೈಗುಳ.
ಕೇಳಬಾರದು ಅಂತ ನಿಯಮ.
ಕೇಳಿಸಿದ್ದು ಕೇಳಿಸಲಿಲ್ಲ ಅನ್ನಬೇಕು ಅಂತಲೂ.

ಈಗ ಲಿಸ್ಬನ್ನಿನಿಂದ ಹುಡುಗರು ಬಂದಿದ್ದಾರೆ.
ಮಾತು, ಟೀವಿ, ಚಿತ್ರ, ಚೀಟಿ,
ಎಲ್ಲಕ್ಕೂ ಇನ್ನು ಒಂದೇ ತಿರುಳು ಸಾಕಂತೆ.
ಗೋಡೆಯುದ್ದಕ್ಕೂ ಗುನುಗುತ್ತಿದ್ದ ನನ್ನ ಯಂತ್ರದ ಬದಲು
ಫ್ರಿಜ್ಜಿನಷ್ಟು ಎತ್ತರದ ಒಂದು ಕಪ್ಪು ಪೆಟ್ಟಿಗೆ;
ಅದೂ ಬರೀ ಬಾಗಿಲು,
ಮನೆ ಸಮುದ್ರದಾಚೆ ಎಲ್ಲೋ ಇದೆ.
"ದೋನಾ ಇದಾಲಿನಾ, ಇನ್ನು ಎಲ್ಲವೂ ಪೊಟ್ಟಣ" ಅಂದ ವಾಸ್ಕು.
ಇಪ್ಪತ್ತು ಮಿಲಿಸೆಕೆಂಡಿಗೊಂದು,
ಮೇಲೆ ವಿಳಾಸ, ಕ್ರಮಸಂಖ್ಯೆ.
ಒಂದು ಹಲೋಗೆ ಇಪ್ಪತ್ತು ಚೂರು;
ಒಂದೆರಡು ದಾರಿಯಲ್ಲಿ ಬಿದ್ದರೂ ಯಾರಿಗೂ ಗೊತ್ತಾಗದು.
"ಮತ್ತೆ, ಯಾರೂ ಮಾತಾಡದಿದ್ದಾಗ?"
"ಏನೂ ಹೋಗುವುದಿಲ್ಲ. ಖಾಲಿ ಚೀಲ ಯಾಕೆ ಹೊರಬೇಕು?
ಆ ಬದಿಯ ಪೆಟ್ಟಿಗೆಯೇ ಒಂಚೂರು ಸುಂಯ್ ಅನ್ನುತ್ತದೆ,
ಲೈನು ಸತ್ತಿತು ಅಂತ ಜನ ಗಾಬರಿಯಾಗಬಾರದಲ್ಲ.
ಅದಕ್ಕೆ ಸಮಾಧಾನದ ಸದ್ದು ಅಂತ ಹೆಸರು."

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ.
ಇವರು ಬೆಳ್ಳಿಯನ್ನಷ್ಟೇ ಹಡಗು ಹತ್ತಿಸಿ
ಬಂಗಾರವನ್ನು ಮನೆಮನೆಯಲ್ಲೂ ನಕಲಿ ಎರಕ ಹೊಯ್ಯುತ್ತಾರೆ.

ನನಗೆ ನೆನಪಾದದ್ದು ಭಾನುವಾರದ ಲೈನು.
ಭೂಕಂಪವಾದ ಮರುವರ್ಷ, ಒಂದು ರಾತ್ರಿ,
ನಲವತ್ತು ನಿಮಿಷ ತೆರೆದೇ ಇತ್ತು, ಮಾತಿಲ್ಲ.
ಕೆಟ್ಟಿದೆ ಅಂದುಕೊಂಡು ಪರೀಕ್ಷೆಯ ಫೋನು ಸಿಕ್ಕಿಸಿದೆ.
ಒಂದು ಗಡಿಯಾರ. ಯಾರೋ ಮೂಗಿನಲ್ಲಿ ಉಸಿರೆಳೆದದ್ದು.
ಬಟ್ಟಲು ತಟ್ಟೆಗೆ ತಾಗಿದ್ದು.
ಆಮೇಲೆ, ಬಾವಿಯೊಳಗಿಂದ ಬಂದ ಹಾಗೆ:
"ಕುದುರೆ. ಎಫ್ ಮೂರು."
ಮತ್ತೆ ಹನ್ನೊಂದು ನಿಮಿಷ.

ಓರ್ತಾದ ಕ್ಷೌರಿಕ ವಲ್ದೆಮಾರ್,
ಜಲಸಂಧಿಯಾಚೆ ಪೀಕು ದ್ವೀಪದಲ್ಲಿ
ದೋಣಿ ಎಂಜಿನ್ ರಿಪೇರಿಯ ಅನಾಕ್ಲೇತು.
ಫೆರಿಯಲ್ಲಿ ಅರ್ಧ ಗಂಟೆ. ದಾಟುವುದಿಲ್ಲ:
ಒಬ್ಬನಿಗೆ ಕಡಲೆಂದರೆ ವಾಂತಿ,
ಇನ್ನೊಬ್ಬನಿಗೆ ಕತ್ತರಿಯೆಂದರೆ ಭಯ, ಗಡ್ಡ ಎದೆಯವರೆಗೆ.
ಅವರ ಚದುರಂಗವೆಲ್ಲ ನಡೆಯುತ್ತಿದ್ದದ್ದು ಮಾತಿಲ್ಲದ ಕಡೆ.
ಉಸಿರು ಬಿಗಿಯಾದರೆ ಮಂತ್ರಿಗೆ ಅಪಾಯ;
ಕುರ್ಚಿ ಕಿರುಗುಟ್ಟಿದರೆ, ಕಳ್ಳ ನೋಡಿಬಿಟ್ಟ;
ಕಡ್ಡಿ ಗೀರಿದರೆ
ಸೋಲೊಪ್ಪುವ ಮುಂಚಿನ ಸಿಗರೇಟು.

ಹೊಸ ಜಾಲಕ್ಕೆ ಮೊದಲು ದಾಟಿದ್ದು ಬಂದರಿನ ಬೀದಿ.
ಬುಧವಾರ ಅಂಗಡಿಯ ಮುಂದೆ ಹೋಗುತ್ತಿದ್ದೆ,
ಅರ್ಧ ತಲೆಯ ಗಿರಾಕಿಯನ್ನು ಹಾಗೇ ಬಿಟ್ಟು
ವಲ್ದೆಮಾರ್ ಓಡಿಬಂದ:
"ದನಿ ಸ್ಫಟಿಕದ ಹಾಗಿದೆ, ಅದರ ಮೇಲೆ ದೂರಿಲ್ಲ.
ಆದರೆ ಯೋಚಿಸುವಾಗ ಅವನು ಅಲ್ಲಿರುವುದಿಲ್ಲ ಇದಾಲಿನಾ.
ನಿಮಿಷಕ್ಕೊಮ್ಮೆ ಇದ್ದೀಯಾ ಅಂತೇನೆ,
ಇದ್ದೇನೆ ಅನ್ನುವಷ್ಟರಲ್ಲಿ ಅವನ ಲೆಕ್ಕ ತಪ್ಪುತ್ತದೆ.
ಮೂರು ವಾರದಿಂದ ನಾನೇ ಗೆಲ್ಲುತ್ತಿದ್ದೇನೆ.
ಇದು ಸರಿಯಲ್ಲ."

ದೂರಿನ ಪಟ್ಟಿಯಲ್ಲಿ ಇದಕ್ಕೆ ಕಲಮಿಲ್ಲ.
ಗೊರಗೊರ ಅಂದರೆ ದೋಷ, ಕಡಿದುಹೋದರೆ ದೋಷ.
ಒಬ್ಬ ಸುಮ್ಮನೆ ಕೂತದ್ದು ಇನ್ನೊಬ್ಬನಿಗೆ ಕೇಳದಿದ್ದರೆ
ದೀಪಗಳೆಲ್ಲ ಹಸಿರು.

ಶುಕ್ರವಾರ ಹುಡುಗರು ಊಟಕ್ಕೆ ಹೋದಾಗ
ಆ ಎರಡು ನಂಬರು ತೆರೆದೆ.
ಮೌನದ ಉಳಿತಾಯ: ಹೌದು, ಅಂತಿತ್ತು.
ಇಲ್ಲ ಮಾಡಿದೆ. ಎರಡು ಕಡೆಯೂ.
ತಿಂದ ಹುಲ್ಲಿನ ಋಣ ಅಂತಿಟ್ಟುಕೊಳ್ಳಿ.

ಭಾನುವಾರ ರಾತ್ರಿ
ಸೆಕೆಂಡಿಗೆ ಐವತ್ತು ಪೊಟ್ಟಣ, ವಿಳಾಸ ಬರೆದು, ಸಂಖ್ಯೆ ಹಾಕಿ,
ಒಳಗೆ ಏನೂ ಇಲ್ಲದೆ
ಸಮುದ್ರದಡಿ ಎಲ್ಲೆಲ್ಲೋ ಸುತ್ತಿ
ಕಿಟಕಿಗೆ ಕಾಣುವ ಪೀಕುವಿಗೆ ಹೋಗಿ ಇಳಿದವು.
ಏನೂ ಇಲ್ಲದೆ ಅಂದೆನೇ?
ಗಡಿಯಾರ. ಬಟ್ಟಲು. ಒಂದು ಕುರ್ಚಿ.

ಸೋಮವಾರ ಬೆಳಿಗ್ಗೆ ವಲ್ದೆಮಾರ್
ಅಂಗಡಿಯೊಳಗಿಂದಲೇ ಬಾಚಣಿಗೆ ಎತ್ತಿ ಬೀಸಿದ.
ಮುಖ ನೋಡಿದರೇ ಗೊತ್ತಾಗುತ್ತಿತ್ತು,
ಸೋತಿದ್ದ.