ಸೀರೀಸ್ ಬಲ್ಬು

ಮುಂಜಾನಿ ಐದಕ್ಕ ಅಲಾರಮ್ ಹೊಡೀತದ.
ಕೈ ಚಾಚಿ ಅದನ್ನ ಬಂದ್ ಮಾಡೋದೇ
ನನ್ನ ಆ ದಿನದ ಅರ್ಧ ಕೆಲಸ.
ಗೂಟಕ್ಕ ತೂಗಿದ ಕಂಡಕ್ಟರ್ ಚೀಲ
ನಾಲ್ಕು ತಿಂಗಳಾತು, ನನ್ನೇ ನೋಡ್ತದ.

ಹನ್ನೊಂದು ವರ್ಷ ಆಳಂದ ರೂಟು.
ಸುಂಟನೂರ ಕ್ರಾಸ್, ಕಡಗಂಚಿ,
ಒಂದು ಕಾಲು ಒಳಗ, ಒಂದು ಪಾವಟಿಗಿ ಮ್ಯಾಲ,
ಬಾಯಾಗ ರೈಟ್, ರೈಟ್.
ತಗಡು ಮುಟ್ಟಿದ್ರ ಬೊಬ್ಬಿ ಏಳೋ ಬ್ಯಾಸಿಗಿದಾಗೂ
ಬಸ್ಸು ತುಂಬಿದ ಹೆಣ್ಮಕ್ಕಳಿಗಿ
ಶಕ್ತಿ ಟಿಕೇಟು ಹರಿದು ಹರಿದು ಕೊಟ್ಟೀನಿ.
ಶೂನ್ಯ ರೂಪಾಯಿ ಅಂತ ಅಚ್ಚಾಗಿರ್ತಿತ್ತು.
ಈಗ ಆ ಶೂನ್ಯ
ನನ್ನ ಮೊಣಕಾಲಾಗ ಬಂದು ಕುಂತದ.

ದುಃಖ ಅಂದ್ರ ಅಳು ಅಂತ ತಿಳದಿದ್ದೆ.
ಅಲ್ಲ. ಅಳಲಾಕೂ ಕರೆಂಟ್ ಬೇಕು.
ಜಡಿ ಹಾಕ್ಕೊಳ್ಳಾಕ ಎತ್ತಿದ ಕೈ
ಯಾಕ ಎತ್ತಿದೆ ಅಂತ ನನ್ನೇ ಕೇಳಿ
ಉತ್ತರ ಸಿಗದ ಕೆಳಗ ಇಳೀತದ.

ದವಾಖಾನ್ಯಾಗ ಡಾಕ್ಟರ್ ಸಫೂರಾ
ಚೀಟಿ ಹಿಂದ ತೊಗರಿ ಕಾಳಿನಂಥದೊಂದು ಬರದ್ಲು.
ಒಳಗ ಮಡಿಕಿ ಮಡಿಕಿ, ಸೀರಿ ನಿರಿಗಿ ಹಿಡಿದಂಗ.
ಮೈಟೊಕಾಂಡ್ರಿಯಾ ಅಂತಾರ, ಅಂದ್ಲು,
ಒಂದೊಂದು ಜೀವಕೋಶದಾಗ ನೂರಾರು.
ನೀ ತಿಂದ ಜ್ವಾಳ, ಎಳಕೊಂಡ ಉಸುರು
ಇಲ್ಲೇ ಉರಿದು ಕಸುವು ಆಗ್ತದ.
ಮೈಯಾಗ ಮಿದುಳೇ ಬಾಳ ಹಸಿವಿನ ಕೂಸು,
ತೂಕ ಜರಾ, ಊಟ ಐದರಾಗ ಒಂದು ಪಾಲು.
ಒಲಿ ಸಣ್ಣಾದ್ರ ಮೊದಲು ಅಲ್ಲೇ ಕತ್ತಲಿ.
ಕೆಲವರ ಮಬ್ಬಿಗಿ ಇದೂ ಒಂದು ಕಾರಣ ಇರಬಹುದು,
ಇನ್ನೂ ಹುಡುಕ್ಲಾಕತ್ತಾರ, ಖಾತ್ರಿ ಹೇಳಲಾರೆ.
ಗುಳಿಗಿ ಬರದುಕೊಟ್ಟು, ಪೆನ್ನು ಮುಚ್ಚಿ, ಸುಮ್ನ ಅಂದಂಗ ಅಂದ್ಲು:
ಇವು ನಮಗ ಬರೋದು ತಾಯಿ ಕಡಿಂದ ಮಾತ್ರ.

ಅದೊಂದೇ ಮಾತು ಹಿಡಕೊಂಡು
ಸೂಪರ್ ಮಾರ್ಕೆಟ್ ತನಕ ನಡದು ಬಂದೆ.
ಆಟೋದವ ಕರದಿದ್ದು ಕೇಳಿಸಲಿಲ್ಲ.

ಅವ್ವ ಪರಾತದ ಮುಂದ ಕುಂತಾಳ.
ನಾದಿದ ಹಿಟ್ಟು ಒಣಗಿ ಬಿರಕ ಬಿಟ್ಟದ,
ಅಕಿ ಕುಂತೇ ಅದಾಳ.
ಓಣಿ ಅಂತಿತ್ತು, ಮೈಗಳ್ಳಿ.
ಅಪ್ಪ ಅಂತಿದ್ದ, ಸೊಕ್ಕು.
ಕೊರಳಿಗಿ ಒಂದರ ಮ್ಯಾಲೊಂದು ತಾಯತ ಬಿದ್ವು,
ಅವುಗಳ ಭಾರಕ್ಕೇ ಕುತ್ತಿಗಿ ಬಾಗಿತ್ತು.
ಸಾಲಿ ಡಬ್ಬಿ ಖಾಲಿ ಕಂಡು
ಹನ್ನೆರಡು ವರ್ಷದಕಿ ನಾನೂ ಅಂದೀನಿ.
ಏನಂದೆ ಅಂತ ಇಲ್ಲಿ ಬರೆಯೋದಿಲ್ಲ.

ಬೋರಮಾಳ ಸರ ತಂಗಿಗಿ ಹೋಯ್ತು.
ನನಗ ಇದು ಬಂತು ಏನವ್ವ,
ಮಿಣಕ್ ಮಿಣಕ್ ಅನ್ನೋ ನಿನ್ನ ಒಲಿ?
ನನಗಿರೋದು ಒಂದೇ ಗಂಡು ಕೂಸು.
ಅವನ ಮೈಯಾಗ ಇರ್ತದ, ಅವನಿಂದ ಮುಂದ ದಾಟೋದಿಲ್ಲ
ಅಂತ ಡಾಕ್ಟರ್ ಅಂದಾಗ
ನನಗ ಸಮಾಧಾನ ಆತೋ,
ಅವ್ವ ಇಲ್ಲಿಗಿ ಮುಗಿದ್ಲು ಅಂತ ಸಂಕಟ ಆತೋ.

ತಮ್ಮ ರೇವಣಸಿದ್ದ
ಗಂಜಿನ ಹಿಂದ ಮೋಟಾರ್ ರಿವೈಂಡಿಂಗ್ ಮಾಡ್ತಾನ.
ದಾಲ್ ಮಿಲ್ಲಿನ ಸುಟ್ಟ ಮೋಟಾರು, ವಾರ್ನಿಷ್ ವಾಸನಿ.
ಸಂಜಿಕಿ ಬಂದು ಹೊಸ್ತಿಲದಾಗ ಕುಂತು ಚಾ ಕುಡೀತಾನ.
ಎದ್ದೇಳು ಅಂತ ಒಮ್ಮಿನೂ ಅಂದವನಲ್ಲ.
ವೋಲ್ಟೇಜ್ ಕಮ್ಮಿ ಇದ್ದಾಗ ಮೋಟಾರ್ ಹೂಂ ಅಂತದ ಅಕ್ಕಾ,
ತಿರುಗೋದಿಲ್ಲ.
ಆಗ ಜುಲುಮಿ ಮಾಡಿದ್ರ ಸುಡ್ತದ.
ತಪ್ಪು ಮೋಟಾರಿಂದಲ್ಲ.

ಒಮ್ಮಿ ಅಂಗಡಿಗಿ ಕರಕೊಂಡು ಹೋದ.
ವೈರಿನ ಎರಡು ತುದಿ, ನಡುವ ಒಂದು ಬಲ್ಬು.
ಹಚ್ಚಿ ನೋಡ್ದ. ಕೆಂಪಗ, ಮಂದಗ ಹತ್ತಿತು.
ಕೆಟ್ಟದ ಏನು ಅಂತ ಕೇಳಿದೆ.
ಝಗ್ ಅಂತ ಉರಿದ್ರ ಶಾರ್ಟು,
ಹತ್ತದೇ ಇದ್ರ ಒಳಗ ತಂತಿ ಕಡದದ.
ಹಿಂಗ ಮಂದಗ ಹತ್ತಿದ್ರ ಚೊಲೊ, ಅಂದ.
ಎಲ್ಲೂ ಹರಿದಿಲ್ಲ.

ಬಾಳ ಹೊತ್ತು ಆ ಬಲ್ಬು ನೋಡ್ಕೋತ ಕುಂತೆ.
ಯಾರೋ ಬಂದು ಫ್ಯಾನ್ ರಿಪೇರಿ ಆತೇನು ಅಂತ ಕೇಳಿ ಹೋದ್ರು.

ಇವತ್ತು ಅಲಾರಮ್ ಹೊಡದಾಗ
ಒಂದು ಲೋಟ ತೊಳದೀನಿ.
ಎರಡನೇದು ಅಲ್ಲೇ ಅದ.