ಸುಣ್ಣದ ಲೆಕ್ಕ

ಟಾಸ್ಮೇನಿಯಾದ ಜೂನ್ ತಿಂಗಳು. ಗೀವ್ಸ್‌ಟನ್ನಿನಲ್ಲಿ
ನಾಲ್ಕೂಮುಕ್ಕಾಲಿಗೇ ಹೊತ್ತು ಮುಳುಗುತ್ತದೆ.
ಟಾರ್ಚು ಹಿಡಿದು ಗೂಡಿನ ಬಾಗಿಲಲ್ಲಿ ಬಗ್ಗಿ
ಎಣಿಸುತ್ತೇನೆ: ಒಂದು, ಎರಡು, ಮುನಿತಾಯಿ, ನಾಲ್ಕು,
ಐದು, ಅದರದು ಬಾಲ ಮಾತ್ರ ಕಾಣುತ್ತದೆ, ಆರು.
ಹೆಸರಿಟ್ಟದ್ದು ಒಂದಕ್ಕೇ.
ನಮ್ಮ ಸೋದರತ್ತೆಯ ಹಾಗೆ ಅದೂ
ಎಲ್ಲರೂ ಉಂಡೆದ್ದ ಮೇಲೂ ತಟ್ಟೆ ಬಿಟ್ಟೇಳುವುದಿಲ್ಲ.

ಚಿಲಕ ಎರಡು ಸಲ ಅಲ್ಲಾಡಿಸಿ ನೋಡಬೇಕು.
ಹೋದ ವರ್ಷ ಚುಕ್ಕೆ ಮೈಯ ಕ್ವಾಲ್ ಒಂದು
ಮುಷ್ಟಿಯಗಲದ ಸಂದಿಯಲ್ಲಿ ನುಗ್ಗಿ
ಎರಡನ್ನು ಕೊಂದು, ಒಂದನ್ನೂ ತಿನ್ನದೆ ಹೋಗಿತ್ತು.

ಮೊಟ್ಟೆ ನಿಂತು ಹದಿನೆಂಟು ದಿನ.
ಬೇಲಿಯಾಚೆಯ ಮರ್ವ್ ಹೇಳುತ್ತಾನೆ:
ಒಂದು ಬಲ್ಬು ಹಾಕಮ್ಮ, ನಾಲ್ಕು ಗಂಟೆಗೇ
ಬೆಳಗಾಯಿತು ಅಂದುಕೊಂಡು ಇಡುತ್ತವೆ.

ಗೊತ್ತು, ಮರ್ವ್.
ಹೊಸಕೋಟೆಯ ಫಾರಮ್ಮಿನಲ್ಲಿ ಆ ಸ್ವಿಚ್ಚು
ನಮ್ಮಪ್ಪನ ಕೈಯಲ್ಲಿತ್ತು.
ಜಾವಕ್ಕೆ ಎದ್ದು, ತಲೆಗೆ ಟವೆಲು ಸುತ್ತಿ,
ಒಂದೇ ಬೆರಳಲ್ಲಿ ಎಂಟು ಸಾವಿರ ಕೋಳಿಗೆ
ಸುಳ್ಳು ಹೇಳಿ ಬರುತ್ತಿದ್ದ.
ಆಮೇಲೆ ಕಾಫಿ. ಆಮೇಲೆ ಟ್ರೇಗೆ ಮೂವತ್ತು,
ಒಡೆದದ್ದು ಬೇರೆ,
ಕೆಂಪು ಅಂಚಿನ ಪುಸ್ತಕದಲ್ಲಿ ಎರಡು ಕಾಲಮ್ಮು.
ಒಡೆದದ್ದೇ ನಮ್ಮ ಮನೆಗೆ.
ಬೇಯಿಸಿದ ಇಡೀ ಮೊಟ್ಟೆಯನ್ನು ನಾನು ಮೊದಲು ಕಂಡದ್ದು
ಸ್ಕೂಲಿನ ಟೂರಿನಲ್ಲಿ, ಬೇರೆ ಹುಡುಗಿಯ ಡಬ್ಬಿಯಲ್ಲಿ.
ಅಪ್ಪ ಸುಳ್ಳಾಡದ ಮನುಷ್ಯ ಅಂತ ಊರೆಲ್ಲ ಅನ್ನುತ್ತಿತ್ತು.
ಕೋಳಿಗಳನ್ನು ಯಾರೂ ಕೇಳಿರಲಿಲ್ಲ.

ಬೆಳಗ್ಗೆ ಬಕೆಟ್ಟಿಗೆ ಗೋಧಿ, ಮೇವಿನ ಹಿಟ್ಟು,
ಪ್ಯಾಕಿಂಗ್ ಶೆಡ್ಡಿನಲ್ಲಿ ಆರಿಸಿ ಎಸೆದ ಸೇಬು,
ಪಾತ್ರೆಯ ತಳ ಕೆರೆದ ರಾಗಿ ಸೀಕು.
ಸೀಕು ಕಂಡಾಗ ಬರುವ ಓಟ ನೋಡಬೇಕು,
ನೆರಿಗೆ ಎತ್ತಿ ಹಿಡಿದು ಕೊನೇ ಬಸ್ಸಿಗೆ ಓಡುವ ಹೆಂಗಸರು!
ಪಕ್ಕದ ಬೋಗುಣಿಯಲ್ಲಿ ಕುಟ್ಟಿದ ಸಿಂಪಿ,
ಹ್ಯುವಾನ್ ಹೊಳೆ ಉಪ್ಪಾಗುವ ಕಡೆ ನಾನೇ ಆಯ್ದು ತಂದದ್ದು.
ಒರಳಿಲ್ಲ, ಕಾಂಕ್ರೀಟಿನ ಮೇಲೆ ಸುತ್ತಿಗೆ.
ಕುಟ್ಟುವಾಗ ಅಜ್ಜಿಯ ಬೆರಳು ನೆನಪಾಗುತ್ತದೆ,
ಎಲೆಯ ಬೆನ್ನಿಗೆ ಸುಣ್ಣ ಸವರುವ ಅದರ ಅಂದಾಜು:
ಹೆಚ್ಚಾದರೆ ಬಾಯಿ ಸುಡುತ್ತದೆ, ಕಮ್ಮಿಯಾದರೆ ಕೆಂಪೇರುವುದಿಲ್ಲ.

ಸುಣ್ಣ ಸಾಲದಿದ್ದರೆ ಕೋಳಿ ಏನು ಮಾಡುತ್ತದೆ ಗೊತ್ತೆ?
ತನ್ನ ಎಲುಬಿನಿಂದ ತೆಗೆಯುತ್ತದೆ.
ಯಾರ ಹತ್ತಿರವೂ ಕೈಚಾಚುವುದಿಲ್ಲ. ರಾತ್ರಿಯಿಡೀ
ಮೂಳೆ ಕರಗಿಸಿ ಗೋಡೆ ಕಟ್ಟಿ
ಬೆಳಗಾದ ಮೇಲೆ ಮಾತ್ರ ಕೇರಿಗೆಲ್ಲ ಕೇಳುವಂತೆ ಕೂಗುತ್ತದೆ.

ಮಂಗಳವಾರ ಹ್ಯುವಾನ್‌ವಿಲ್ಲಿನ ಡಾಕ್ಟರು
ನನ್ನ ಸೊಂಟದ ಚಿತ್ರವನ್ನು ಪರದೆಯ ಮೇಲೆ ತೋರಿಸಿ
ತೆಳುವಾಗಿದೆ ಅಂದಳು. ಹೆರಿಗೆ ಮೂರೇ?
ಚಿಕ್ಕಂದಿನಲ್ಲಿ ಹಾಲು ಸಾಕಷ್ಟು ಸಿಗುತ್ತಿತ್ತೇ?
ನಾನು ನಕ್ಕುಬಿಟ್ಟೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ.
ಈಗ ಏಳು ಗಂಟೆಗೆ ಬೋಗುಣಿಗೆ ಸಿಂಪಿ,
ನನ್ನ ಬಾಯಿಗೆ ಬಳಪದ ರುಚಿಯ ಮಾತ್ರೆ.
ಒಟ್ಟಿಗೇ ನುಂಗುತ್ತೇವೆ.
ಮುನಿತಾಯಿ ಒಂದೇ ಕಣ್ಣಲ್ಲಿ ನನ್ನನ್ನು ಅಳೆಯುತ್ತಾಳೆ:
ಈ ವಯಸ್ಸಲ್ಲಿ ಇನ್ನು ಯಾವ ಮೊಟ್ಟೆ ಇಡಬೇಕು ನೀನು?

ಬಲ್ಬು ಬೇಡ, ಮರ್ವ್.
ಎರಡು ತಿಂಗಳು ಕತ್ತಲೆ ಕತ್ತಲೆಯಾಗಿಯೇ ಇರಲಿ.
ನಿನ್ನ ಭಾನುವಾರದ ಕೇಕಿಗೆ ಅಂಗಡಿಯಿಂದಲೇ ತಂದುಕೊಡುತ್ತೇನೆ,
ಹಳದಿ ಪೇಲವ ಅಂತ ಬೈದುಕೋ.
ಕುತ್ತಿಗೆಯ ಸುತ್ತ ಹೊಸ ಪುಕ್ಕ ಪೊರಕೆ ಕಡ್ಡಿಯಂತೆ ನಿಂತಿದೆ.
ಎಲುಬಿಗೆ ಸುಣ್ಣ ವಾಪಸ್ಸು ಹೋಗುತ್ತಿದೆಯೋ ಏನೋ,
ಕಿವಿಯಿಟ್ಟರೆ ಕೇಳಿಸುವಂಥದಲ್ಲ.

ಆಗಸ್ಟಿನ ಕೊನೆಗೆ ಯಾವತ್ತೋ
ಹುಲ್ಲಿನೊಳಗೆ ಕೈಗೆ ಬಿಸಿ ತಾಗುತ್ತದೆ.
ಆವತ್ತು ಅದನ್ನು ಇಡಿಯಾಗಿ ಬೇಯಿಸುತ್ತೇನೆ, ಹನ್ನೊಂದು ನಿಮಿಷ.
ನಿಂತೇ ತಿಂದು, ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಿ
ಸುತ್ತಿಗೆಯಿಂದ ಎರಡು ತಟ್ಟು ತಟ್ಟಿ ಬೋಗುಣಿಗೆ ಹಾಕುತ್ತೇನೆ.
ಅಪ್ಪನ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ.
ಮೊದಲು ಓಡಿಬರುವವಳು ಯಾರು
ಅಂತ ಹೇಳಬೇಕಾಗಿಲ್ಲವಲ್ಲ.